ಭೂಮಿ ಬೆಳೀತದೇನ್ರಿ, ಸರ್ವೇ ಸಾಹೇಬ್ರ?

ಕಣ್ಣಿನ ಆಪಾನ ಎರಡೂ ಹುಬ್ಬುಗಳ ಮೇಲೆ ನಾಲ್ಕಾಣೆಯ ಅಗಲದ ಒಂದೊಂದು ಕಪ್ಪು ಗುರುತಿತ್ತು. ಅಲ್ಲಿ ಕೂದಲು ಉದುರಿ ಚರ್ಮ ಗಟ್ಟಿಬಿದ್ದಿತ್ತು. ಕಣ್ಣೊಳಗೆ ಬೆಳಕು ಬಿಟ್ಟು ನೋಡುವ, ಬ್ಯಾಟರಿಯಂಥ ಕೈ ಉಪಕರಣವನ್ನು ಮೂವತ್ತು ವರ್ಷ ಹುಬ್ಬಿಗೆ ಒತ್ತಿ ಹಿಡಿದು ಆದ ಗುರುತು ಅದು. ರೋಗಿಯ ಬಲಗಣ್ಣನ್ನು ತನ್ನ ಬಲಗಣ್ಣಿನಿಂದ, ಎಡಗಣ್ಣನ್ನು ಎಡಗಣ್ಣಿನಿಂದ ನೋಡಬೇಕು. ಹಾಗೆ ನೋಡುವಾಗ ಎರಡು ಮುಖಗಳ ನಡುವೆ ನಾಲ್ಕು ಬೆರಳಿನ ಜಾಗವೂ ಇರುವುದಿಲ್ಲ. ಅದಕ್ಕೇ ಅವರ ಬಾಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಜೇವರ್ಗಿ, ಅಫಜಲಪುರ, ಆಳಂದ ಕಡೆಯ ಎಷ್ಟೋ ಮಂದಿಗೆ ಇವತ್ತಿಗೂ ಲವಂಗದ ವಾಸನೆ ಬಂದರೆ ಕಣ್ಣು ತಾನಾಗಿ ಅಗಲವಾಗುತ್ತದೆ. ನನಗೆ ಮಾತ್ರ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಬೆಂಕಿ ಅವರ ಮೇಲಿನದಲ್ಲ. ಯಾರ ಮೇಲಿನದು ಎಂಬುದನ್ನೂ ಹೇಳುತ್ತೇನೆ. ತಣ್ಣಗಾದ ಮೇಲೆ ಬರೆಯೋಣವೆಂದು ಎರಡು ವರ್ಷ ಕಾದೆ. ತಣ್ಣಗಾಗಲಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಅನ್ನಿಸಿ ಹಾಗೇ ಕುಳಿತು ಬರೆಯುತ್ತಿದ್ದೇನೆ.

ಜೇವರ್ಗಿಯಲ್ಲಿ ವಿಜಯಪುರ ರಸ್ತೆಗೆ ಒಂದು ಧರ್ಮಾರ್ಥ ದವಾಖಾನೆ ಇತ್ತು. ಅದರ ಹಿಂಭಾಗದ ಕತ್ತಲ ಕೋಣೆಯಲ್ಲಿ ಅವರು ನೇತ್ರ ಸಹಾಯಕಿ. ಡಾಕ್ಟರಲ್ಲ. ಚಸ್ಮಾದ ನಂಬರು ತೆಗೆಯುವುದು, ಕಣ್ಣಿನ ಒತ್ತಡ ನೋಡುವುದು, ಒಳಗಿನ ನರ ನೋಡಿ ಯಾರನ್ನು ಕಲಬುರಗಿಗೆ ಕಳಿಸಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಬೇರ್ಪಡಿಸುವುದು ಅವರ ಕೆಲಸ. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಕಣ್ಣಿನ ಆಪಾ ಎಂದು. ಮುಸಲ್ಮಾನರ ಮನೆಯಲ್ಲಿ ಆಪಾ ಅಂದರೆ ಅಕ್ಕ. ಮಠದ ಅಯ್ಯನವರಿಂದ ಹಿಡಿದು ಲಾರಿ ಕ್ಲೀನರ್‌ವರೆಗೆ ಎಲ್ಲರಿಗೂ ಅವರು ಅಕ್ಕನೇ, ಎಲ್ಲರಿಗೂ ಅಕ್ಕನ ಬೈಗುಳವೇ.

ನಾನು ಆಗ ಅದೇ ಊರಿನಲ್ಲಿ ಭೂಮಾಪಕ. ಹೊಲ ಅಳೆಯುವ, ಹಿಸ್ಸೆ ಒಡೆದು ನಕ್ಷೆ ಬರೆಯುವ ನೌಕರಿ. ನಕ್ಷೆಯ ಸಣ್ಣ ಅಕ್ಷರ ಕಾಣದಾದಾಗ ಚಸ್ಮಾಕ್ಕೆಂದು ಹೋದೆ. ಹೊರಗೆ ಉದ್ದ ಸಾಲು. ನಾನು ಸೀದಾ ಬಾಗಿಲಿಗೆ ಹೋಗಿ, "ನಾ ಸರ್ವೇದಾವ್ರಿ, ಫೀಲ್ಡಿಗೆ ಹೋಗೋದದ" ಅಂದೆ. ಒಳಗಿನಿಂದ ಧ್ವನಿ ಬಂತು.

"ಯಾಕ್ರಿ, ಸರಕಾರಿ ಮನಷ್ಯಾರ ಕಣ್ಣ ಬ್ಯಾರೆ ಜಾಗಾದಾಗ ಇರ್ತಾವೇನು? ಲೈನಿನ್ಯಾಗ ನಿಂದರ್ರಿ."

ಸಾಲಿನ ಮಂದಿ ಕಿಸಕ್ಕೆಂದರು. ನಾನು ಮೋರೆ ಗಂಟು ಹಾಕಿಕೊಂಡು ಬಾಲಕ್ಕೆ ಹೋಗಿ ನಿಂತೆ. ನನ್ನ ಪಾಳಿ ಬಂದಾಗ ಕುರ್ಚಿಯ ಮೇಲೆ ಕೂಡಿಸಿ, ಹೆಬ್ಬೆರಳಿನಿಂದ ನನ್ನ ರೆಪ್ಪೆ ಎತ್ತಿ, "ಗ್ವಾಡಿ ಮ್ಯಾಲ ಹಸರ ಬಳಿಚೂರು ಅದ, ಅದನ್ನ ನೋಡ್ರಿ. ನನ್ನ ನೋಡಬ್ಯಾಡ್ರಿ, ನಾ ಎಲ್ಲೂ ಓಡಿ ಹೋಗಂಗಿಲ್ಲ" ಅಂದರು. ನಿಜಕ್ಕೂ ಎದುರಿನ ಗೋಡೆಯಲ್ಲಿ ಒಂದು ಹಸಿರು ಗಾಜಿನ ಚೂರು ಅಂಟಿಸಿತ್ತು. ಅವರ ಅಪ್ಪ ಘತ್ತರಗಿಯ ಭಾಗ್ಯವಂತಿ ಗುಡಿಯ ಮುಂದೆ ಬಳೆ ಇಡಿಸುತ್ತಿದ್ದವರು. ಆ ಚೂರು ಅಪ್ಪನ ಅಂಗಡಿಯದು.

ಅವರು ಕಣ್ಣು ನೋಡಿ ಸುಮ್ಮನೆ ಬರೆದುಕೊಳ್ಳುತ್ತಿರಲಿಲ್ಲ, ಚಿತ್ರ ತೆಗೆಯುತ್ತಿದ್ದರು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಒಂದು ದೊಡ್ಡ ದುಂಡು, ಅದರೊಳಗೆ ಒಂದು ಸಣ್ಣ ದುಂಡು. ದೊಡ್ಡದು ಕಣ್ಣಿನ ನರ ಒಳಗೆ ಬರುವ ಜಾಗ. ಸಣ್ಣದು ಅದರ ನಡುವಿನ ತಗ್ಗು, ಅದನ್ನು ಅವರು ಬಟ್ಟಲ ಅನ್ನುತ್ತಿದ್ದರು. ಎರಡರ ನಡುವೆ ಉಳಿಯುವ ಅಂಚೇ ಜೀವಂತ ನರ. ಆ ಅಂಚಿಗೆ ಕೆಂಪು ಪೆನ್ಸಿಲ್ ಹಚ್ಚುತ್ತಿದ್ದರು. ಬಟ್ಟಲು ದೊಡ್ಡದಾದಷ್ಟೂ ಅಂಚು ಸಣ್ಣದಾಗುತ್ತದೆ, ಅಂಚು ಸಣ್ಣದಾದಷ್ಟೂ ನೋಟ ಹೋಗುತ್ತದೆ. ಕಾಲಾ ಮೋತಿಯಾ ಎಂದು ಅವರು, ಗ್ಲಾಕೋಮಾ ಎಂದು ಡಾಕ್ಟರು ಕರೆಯುವ ರೋಗದ ಕಥೆಯೆಲ್ಲ ಇಷ್ಟೇ.

ಅವರದೊಂದು ಕಟ್ಟುನಿಟ್ಟು ಇತ್ತು. ರೋಗಿ ಎರಡನೇ ಸಲ ಬಂದಾಗ ಹಳೆಯ ಚಿತ್ರವನ್ನು ತೆಗೆದು ನೋಡುತ್ತಿರಲಿಲ್ಲ. ಬೇರೆ ಚೀಟಿಯಲ್ಲಿ ಹೊಸದಾಗಿ ಚಿತ್ರ ಬರೆದು, ಪೆನ್ಸಿಲ್ ಕೆಳಗಿಟ್ಟ ಮೇಲೆಯೇ ಹಳೆಯ ಹಾಳೆ ತೆರೆದು ಚೀಟಿಯನ್ನು ಅದಕ್ಕೆ ಅಂಟಿಸುವುದು. ಯಾಕೆಂದು ಕೇಳಿದ್ದೆ.

"ಹಳೇದು ನೋಡಿ ಹೊಸಾದು ತಗದ್ರ ಕೈ ಸುಳ್ಳ ಹೇಳ್ತದ್ರಿ. ಅದಕ್ಕ ಏನ ಬೇಕೋ ಅದನ್ನ ಬರೀತದ."

ಈ ಮಾತಿನಿಂದಲೇ ನಮಗಿಬ್ಬರಿಗೆ ಸ್ನೇಹವಾಯಿತು. ಅಳತೆ ನನ್ನ ಕಸುಬು, ಅಳತೆಯಲ್ಲಿ ಇಷ್ಟು ನಿಯತ್ತು ಇರುವವರನ್ನು ನಾನು ನಮ್ಮ ಕಚೇರಿಯಲ್ಲೇ ಕಂಡಿರಲಿಲ್ಲ. ಮಧ್ಯಾಹ್ನ ಸಾಲು ಕರಗಿದ ಮೇಲೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ಚಹಾ ತರಿಸುತ್ತಿದ್ದರು. ನಾನು ಹೊಲದ ಜಗಳಗಳ ಕಥೆ ಹೇಳುತ್ತಿದ್ದೆ. ಹವಳಗಾ ಕಡೆಯ ಅಣ್ಣತಮ್ಮಂದಿರಿಬ್ಬರ ಕಥೆಯನ್ನಂತೂ ಎದೆಯುಬ್ಬಿಸಿ ಹೇಳಿದ್ದೆ. ಅಪ್ಪನ ಕಾಲದಲ್ಲಿ ಹೊಲವನ್ನು ಸರಪಳಿ ಹಿಡಿದು ಅಳೆದಿದ್ದರು. ತಮ್ಮನಾದವನು ತನ್ನ ಪಾಲನ್ನು ಹೊಸ ಯಂತ್ರದಿಂದ ಅಳೆಸಿದ, ಎರಡು ಗುಂಟೆ ಹೆಚ್ಚು ಬಂತು. ತಮ್ಮ ಬದು ಒತ್ತಿದ್ದಾನೆಂದು ಅಣ್ಣ ಕೊಡಲಿ ಹಿಡಿದು ನಿಂತ. ನಾನು ನಡುವೆ ಹೋಗಿ, ಬಳಸಿ ಬಳಸಿ ಸರಪಳಿಯ ಕೊಂಡಿ ಸಡಿಲಾಗಿ ಉದ್ದವಾಗುತ್ತದೆ, ಹಾಗಾಗಿ ಹಳೆಯ ಲೆಕ್ಕ ಕಡಿಮೆ ಬಂದಿದೆ, ಭೂಮಿ ಇದ್ದಷ್ಟೇ ಇದೆ, ಎರಡೂ ಪಾಲನ್ನು ಒಂದೇ ಯಂತ್ರದಿಂದ ಅಳೆಯಿರಿ ಎಂದು ತಿಳಿಹೇಳಿದ್ದೆ. ಆಪಾ ಕೇಳಿ ಬಹಳ ಖುಷಿಪಟ್ಟಿದ್ದರು.

"ನಮ್ಮ ಅಬ್ಬಾನೂ ಹಿಂಗ ಅಂತಿದ್ರು. ಎರಡು-ಆರು ಅಂತ ಒಂದ ನಂಬರ ಇದ್ರೂ ಒಂದ ಕಾರ್ಖಾನಿ ಬಳಿ ಕೈಗೆ ಬರ್ತದ, ಇನ್ನೊಂದರದ್ದು ಬಟ್ಟಿನ ಗೆಣಿಕಿನ್ಯಾಗ ಸಿಗಬೀಳ್ತದ. ಅದಕ ಅವರು ಒಂದ ಮಾದರಿ ಬಳಿ ಇಟ್ಟಿದ್ರು, ಎಲ್ಲಾನೂ ಅದಕ್ಕ ಹಚ್ಚಿ ನೋಡ್ತಿದ್ರು."

ಯಂತ್ರಗಳ ಮೇಲೆ ಅವರಿಗೆ ಹಗೆಯಿತ್ತು ಅಂದುಕೊಳ್ಳಬೇಡಿ. ದವಾಖಾನೆಗೆ ಕಣ್ಣಿನ ಒಳಗಿನ ಫೋಟೋ ತೆಗೆಯುವ ಕ್ಯಾಮೆರಾ ಬಂದಾಗ ಅವರಷ್ಟು ಹಿಗ್ಗಿದವರು ಇಲ್ಲ. ಒಂದು ವರ್ಷ ಪ್ರತಿಯೊಬ್ಬರಿಗೂ ಮೊದಲು ಚಿತ್ರ ತೆಗೆದು, ಆಮೇಲೆ ಫೋಟೋ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದು ದಿನ ನಾನು ಹೋದಾಗ ಒಬ್ಬರೇ ನಗುತ್ತಿದ್ದರು. "ನನ್ನ ಎಡಗಣ್ಣ ಕಳ್ಳ ಅದ್ರಿ. ಎಡಗಡೆ ಬಟ್ಟಲ ಎಲ್ಲಾನೂ ಒಂದ ಕೂದಲೆಳಿ ದೊಡ್ಡದು ಬರ್ದೇನಿ. ಇಷ್ಟ ವರ್ಷ!" ಅಂದರು. ತಮ್ಮ ತಪ್ಪನ್ನು ತಾವೇ ಹಿಡಿದು ಹೀಗೆ ನಗುವವರನ್ನು ನೀವು ಎಷ್ಟು ಮಂದಿಯನ್ನು ಕಂಡಿದ್ದೀರಿ? ನಾನು ಅವರೊಬ್ಬರನ್ನೇ ಕಂಡದ್ದು.

"ಫೋಟೋ ಬಣ್ಣ ತೋರಿಸ್ತದ. ಕಲಬುರಗ್ಯಾಗಿನ ಓಸಿಟಿ ಮಷೀನ್ ನರದ ದಪ್ಪ ಅಳೀತದ. ನನ್ನ ಪೆನ್ಸಿಲ್ ಆಕಾರ ಹೇಳ್ತದ. ಮೂರೂ ಬ್ಯಾರೆ ಬ್ಯಾರೆ ಸವಾಲಿಗೆ ಜವಾಬ್ರಿ. ಒಂದರ ಜವಾಬ ತಂದು ಇನ್ನೊಂದಕ್ಕ ಹಚ್ಚಬಾರದು." ಇದನ್ನು ಅವರು ನನಗೇ ಹೇಳಿದ್ದು, ಚಹಾ ಕುಡಿಯುತ್ತ. ನಾನು ತಲೆ ಅಲ್ಲಾಡಿಸಿದ್ದೆ. ಅಲ್ಲಾಡಿಸಲಿಕ್ಕೆ ಏನು, ಕೋಲೆಬಸವನೂ ಅಲ್ಲಾಡಿಸುತ್ತದೆ.

ನನ್ನ ಹೆಂಡತಿ ಕೌದಿ ಹೊಲೆಯುವವಳು. ಹಳೆಯ ಸೀರೆ ಪದರುಪದರಾಗಿ ಹಾಸಿ ಅವಳು ಹೊಲೆದ ಕೌದಿಗೆ ನಮ್ಮ ಓಣಿಯಲ್ಲಿ ಬಾಣಂತಿಯರು ಕಾಯುತ್ತಿದ್ದರು. ಸೂಜಿಗೆ ದಾರ ಪೋಣಿಸಲು ತಡವಾಗುತ್ತಿದೆ ಅಂದಾಗ ಚಸ್ಮಾಕ್ಕೆಂದು ಆಪಾನ ಬಳಿ ಕರೆದೊಯ್ದೆ. ಹಸಿರು ಚೂರು ನೋಡಿಸಿ, ಬೆಳಕು ಬಿಟ್ಟು ನೋಡಿದವರು ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ಒತ್ತಡ ಅಳೆದರು. ಚಿತ್ರ ತೆಗೆದರು. ಕೆಂಪು ಅಂಚು ಮೇಲೆ ಕೆಳಗೆ ಸಣ್ಣಗಾಗಿತ್ತು.

"ಬಾಯಿ, ಇದು ಚಸ್ಮಾದ್ದಲ್ಲ. ಬಟ್ಟಲ ದೊಡ್ಡದಾಗ್ಯದ. ಹೆದರಬ್ಯಾಡ್ರಿ, ವೇಳ್ಯಾಕ ಬಂದೀರಿ. ಉಳಿದದ್ದು ಉಳಸ್ಕೋಬಹುದು. ಹೋದದ್ದು ಬರಂಗಿಲ್ಲ, ಅಷ್ಟ ನೆಪ್ಪಿಡ್ರಿ."

ಕಲಬುರಗಿಗೆ ಹೋದೆವು. ಓಸಿಟಿ ಮಾಡಿದರು. ಕಣ್ಣಿಗೆ ಏನೂ ಮುಟ್ಟಿಸದೆ, ಬೆಳಕಿನಿಂದಲೇ ನರದ ಪದರದ ದಪ್ಪ ಅಳೆಯುವ ಯಂತ್ರ. ಕಾಗದದ ಮೇಲೆ ಒಂದು ಅಂಕಿ ಬಂತು, ಎಪ್ಪತ್ತಾರು. ಪಕ್ಕದಲ್ಲಿ ಹಳದಿ ಬಣ್ಣ. ಹಸಿರು ಅಂದರೆ ಸರಿ, ಹಳದಿ ಅಂದರೆ ಎಚ್ಚರ, ಕೆಂಪು ಅಂದರೆ ಕೆಟ್ಟಿದೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ದಿನಾ ಮಲಗುವ ಮುಂಚೆ ಒಂದು ಹನಿ, ಜೀವನಪೂರ್ತಿ. ಎರಡು ವರ್ಷ ಹಾಕಿದೆವು. ಹನಿಗೆ ಅವಳ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಹೊರಗೆ ಹೋದರೆ, "ಯಾಕ ಅತ್ತೀಯೇನ ಬೇ?" ಎಂದು ಹೆಂಗಸರು ಕೇಳುತ್ತಿದ್ದರು. ಅವಳಿಗೆ ನಾಚಿಕೆ.

ಇನ್ನು ಬರೆಯುವುದನ್ನು ಹಲ್ಲು ಕಚ್ಚಿ ಬರೆಯುತ್ತೇನೆ.

ಜೇವರ್ಗಿಯ ಒಂದು ಮದುವೆ ಹಾಲಿನಲ್ಲಿ ಕಣ್ಣಿನ ಶಿಬಿರ ಹಾಕಿದರು. ಯಾವುದೋ ದೂರದ ಊರಿನವರು. ಹೊಸ ನಮೂನೆಯ ಯಂತ್ರ ತಂದಿದ್ದರು. ಕಲಬುರಗಿಗೆ ಯಾಕೆ ಹೋಗಬೇಕು, ಇಲ್ಲೇ ಆಗುತ್ತದಲ್ಲ ಎಂದು ಅವಳನ್ನು ಅಲ್ಲಿ ಕೂಡಿಸಿದೆ. ಕಾಗದ ಬಂತು. ಅಂಕಿ ಎಂಬತ್ಮೂರು. ಸುತ್ತಲೂ ಹಸಿರು. ಚೀಲದಿಂದ ಹಳೆಯ ಕಾಗದ ತೆಗೆದು, ಎರಡನ್ನೂ ಪಕ್ಕಪಕ್ಕಕ್ಕೆ ಹಿಡಿದು, ಆ ಎಳೆಯ ಡಾಕ್ಟರನ ಮೂಗಿನ ಮುಂದೆ ಚಾಚಿದವನು ನಾನು. ಬೇರೆ ಯಾರೂ ಅಲ್ಲ.

"ಸರ್, ಎಪ್ಪತ್ತಾರು ಇದ್ದದ್ದು ಎಂಬತ್ಮೂರು ಆಗ್ಯದ. ಸುಧಾರಿಸ್ಯದಲ್ಲರಿ?"

ಅವನ ಹಿಂದೆ ಐದು ಸಾಲು. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ಕಾಗದದ ಬಣ್ಣ ನೋಡಿದ. "ಹೌದು, ಚೆನ್ನಾಗಿದೆ. ಎಲ್ಲಾ ಹಸಿರು. ಒತ್ತಡನೂ ಸರಿಯಾಗಿದೆ" ಅಂದ.

"ಹಂಗಾದ್ರ ಹನಿ ಬಿಡಬಹುದೇನ್ರಿ? ಕಣ್ಣ ಕೆಂಪಾಗ್ತಾವ."

"ಸದ್ಯ ನಿಲ್ಲಿಸಿ ನೋಡಿ. ಆರು ತಿಂಗಳಿಗೆ ಮತ್ತೆ ತೋರಿಸಿ."

ಅರ್ಧ ನಿಮಿಷ. ಒಬ್ಬಳ ಕಣ್ಣಿನ ಹಣೆಬರಹಕ್ಕೆ ಆ ಮನುಷ್ಯ ಕೊಟ್ಟದ್ದು ಅರ್ಧ ನಿಮಿಷ! ಅವನ ಮೇಲೆ ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಇಂಥ ಶಿಬಿರ ಹಾಕಿ, ಫೋಟೋ ತೆಗೆಸಿಕೊಂಡು, ಗಾಡಿ ಹತ್ತಿ ಹೋಗಿಬಿಡುವವರ ಮೇಲೆ ಸಿಟ್ಟಿದೆ. ಆರು ತಿಂಗಳಿಗೆ ತೋರಿಸಿ ಅಂದವರು ಆರು ತಿಂಗಳಿಗೆ ಎಲ್ಲಿದ್ದರು? ಆದರೆ ಅವನಿಗೆ ಮಾತು ಬಾಯಿಗೆ ತುರುಕಿದ್ದು ನಾನು. ಮನಸ್ಸಿಗೆ ಏನು ಬೇಕೋ ಅದನ್ನು ಅವನ ಬಾಯಿಂದ ಹೇಳಿಸಿದೆ.

ಪೇಡೆ ಕಟ್ಟಿಸಿಕೊಂಡು ಸೀದಾ ಆಪಾನ ಕೋಣೆಗೆ ಹೋದೆ. ಮೊದಲು ಅವರ ಬಾಯಿ ಸಿಹಿಯಾಗಲಿ ಎಂದು. "ಆಪಾ, ನಿಮ್ಮ ಪುಣ್ಯಾ. ನಮ್ಮಾಕಿ ನರ ಸುಧಾರಿಸ್ಯದ. ಏಳು ಹೆಚ್ಚಾಗ್ಯದ!" ಎಂದು ಎರಡೂ ಕಾಗದ ಮುಂದಿಟ್ಟೆ.

ಪೇಡೆಯನ್ನು ಅವರು ಮುಟ್ಟಲಿಲ್ಲ. ಕಾಗದದ ಅಂಕಿಯನ್ನೂ ನೋಡಲಿಲ್ಲ. ಮೊದಲು ನೋಡಿದ್ದು ಎರಡೂ ಕಾಗದದ ಕೆಳಗಿನ ಮೂಲೆ. ಯಾವ ಯಂತ್ರ ಎಂದು ಸಣ್ಣ ಅಕ್ಷರದಲ್ಲಿ ಇರುವ ಜಾಗ. ನೋಡಿದವರೇ ಎದ್ದು ನಿಂತರು.

"ಇದು ಬ್ಯಾರೆ ಮಷೀನ್, ಇದು ಬ್ಯಾರೆ ಮಷೀನ್. ಯಾರ ಹೇಳಿದ್ರು ನಿಮಗ ಎರಡೂ ಕೂಡಿಸಿ ನೋಡ್ರಿ ಅಂತ?"

"ಅಳತಿ ಅಳತೀನ ಅಲ್ಲರಿ?"

"ಸತ್ತ ನರ ಹುಟ್ಟತದೇನು? ಹುಟ್ಟಂಗಿಲ್ಲ! ಹೆಚ್ಚಾಗ್ಯದ ಅಂದ್ರ ಅಳತಿಕೋಲು ಬದಲಾಗ್ಯದ ಅಂತ ಅರ್ಥ. ಆ ಹವಳಗಾದ ಅಣ್ಣತಮ್ಮಂದಿರಿಗೆ ಏನ್ ಹೇಳಿದ್ರಿ ನೀವು? ಸರಪಳಿ ಹಿಡದು ಒಂದ ಸಲ, ಮಷೀನ್ ಹಿಡದು ಒಂದ ಸಲ, ಎರಡ ಗುಂಟೆ ಹೆಚ್ಚ ಬಂತು. ಭೂಮಿ ಬೆಳೀತದೇನ್ರಿ, ಸರ್ವೇ ಸಾಹೇಬ್ರ?"

ಹೊರಗಿನ ಸಾಲಿನವರೆಲ್ಲ ಕಿವಿಯಾಗಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. "ಒತ್ತಡ ಸರಿ ಅದ ಅಂದಾರ ಡಾಕ್ಟರು" ಅಂದೆ.

"ಹನಿ ಹಾಕಿದ್ದಕ್ಕ ಸರಿ ಅದ! ಮಾಳಗಿ ಸೋರಾಂಗಿಲ್ಲ ಅಂತ ಹೊದಿಕಿ ಕಿತ್ತಿ ಒಗೀತೀರೇನು? ಹನಿ ಬಿಡಬ್ಯಾಡ್ರಿ. ನಾಳೆ ಅವರನ್ನ ಕರಕೊಂಡ ಬರ್ರಿ, ನಾ ಇನ್ನೊಂದ ಸಲ ಚಿತ್ರ ತಗೀತೇನಿ. ಆಮ್ಯಾಲ ಕಲಬುರಗಿಗಿ, ಅದ ಮಷೀನಿಗೆ ಹೋಗ್ರಿ."

ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. "ನೀವು ಡಾಕ್ಟರೇನಲ್ಲಲ್ಲರಿ. ಪೆನ್ಸಿಲ್ ಹಿಡದು ದುಂಡು ಬರಿಯೋರು" ಅಂದೆ.

ಅವರ ಬಾಯಲ್ಲಿದ್ದ ಲವಂಗ ಕಟ್ಟೆಂದು ಮುರಿದ ಸಪ್ಪಳ ನನಗೆ ಕೇಳಿತು. "ಹೌದ್ರಿ, ಅಲ್ಲ" ಅಂದರು, ಮೆಲ್ಲಗೆ. "ಆದ್ರೂ ಅವರನ್ನ ಕರಕೊಂಡ ಬರ್ರಿ." ಪೇಡೆಯ ಪೊಟ್ಟಣವನ್ನು ನನ್ನ ಕಡೆ ಸರಿಸಿ ಮುಂದಿನವರನ್ನು ಕರೆದರು.

ನಾನು ಕರೆದೊಯ್ಯಲಿಲ್ಲ. ಮನೆಗೆ ಬಂದು ಹೆಂಡತಿಗೆ, "ಹನಿ ಬ್ಯಾಡ ಇನ್ನ" ಅಂದೆ. ಅವಳು ಒಂದೇ ಸಲ ಕೇಳಿದಳು, "ಆಪಾಗ ತೋರಿಸೋದು ಬ್ಯಾಡೇನ್ರಿ?" ಬೇಡ ಅಂದೆ. "ಆಗ್ಲಿ ಬಿಡ್ರಿ. ನೀವು ಅಳತಿ ಮಂದಿ, ನಿಮಗ ತಿಳೀತದ" ಅಂದಳು. ಹದಿನೈದು ದಿನಕ್ಕೆ ಕಣ್ಣಿನ ಕೆಂಪು ಹೋಯಿತು. ಕನ್ನಡಿ ನೋಡಿಕೊಂಡು ನಕ್ಕಳು. ನಾನೇ ಗೆದ್ದೆ ಅಂದುಕೊಂಡೆ.

ಆಪಾ ನಮ್ಮ ಕಚೇರಿಗೆ ಬಂದರು. ಕಿಟಕಿಯಿಂದ ಕಂಡಿತು, ಬಿಸಿಲಲ್ಲಿ ಕಪ್ಪು ಬುರ್ಖಾ, ಕೈಯಲ್ಲಿ ಚೀಲ. ಸಿಪಾಯಿಗೆ, "ಫೀಲ್ಡಿಗೆ ಹೋಗ್ಯಾರಂತ ಹೇಳಪ್ಪಾ" ಅಂದು ನಕ್ಷೆಗಳ ಕಪಾಟಿನ ಹಿಂದೆ ನಿಂತೆ. ಐವತ್ತೈದು ವರ್ಷದ ಗಂಡಸು, ಕಪಾಟಿನ ಹಿಂದೆ! ಇನ್ನೂ ಎರಡು ಸಲ ಬಂದರು. ಎರಡು ಸಲವೂ ಅದೇ ಕಪಾಟು. ಆಮೇಲೆ ಬರಲಿಲ್ಲ. ದವಾಖಾನೆಯ ರಸ್ತೆಯನ್ನೇ ನಾನು ಬಿಟ್ಟುಬಿಟ್ಟೆ, ಸುತ್ತು ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೆ.

ಒಂದೂವರೆ ವರ್ಷ ಕಳೆಯಿತು. ಈ ರೋಗಕ್ಕೆ ನೋವಿಲ್ಲ, ಸಪ್ಪಳವಿಲ್ಲ. ಹೆಂಡತಿ ಕಟ್ಟೆ ಇಳಿಯುವಾಗ ಎಡವಿದಳು, ವಯಸ್ಸಾಯಿತು ಅಂದೆ. ಪಕ್ಕದಲ್ಲಿಟ್ಟ ತಂಬಿಗೆ ಒದ್ದಳು, "ಎಲ್ಲ್ಯದ ಬೇ ನಿನ್ನ ಗ್ಯಾನ?" ಎಂದು ಬೈದೆ. ಹೌದು, ಬೈದೆ.

ಒಂದು ಬೆಳಿಗ್ಗೆ ಅವಳು ಲಿಂಗಪೂಜೆಗೆ ಕುಳಿತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದಿಟ್ಟಿಸಿ ನೋಡುವುದು ಅವಳ ಮದುವೆಗೂ ಮುಂಚಿನ ರೂಢಿ. ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಕರೆದಳು. ಹೆದರಿದ ದನಿಯಲ್ಲ, ಒಗಟು ಕೇಳುವವಳ ದನಿ.

"ಏನ್ರಿ, ಲಿಂಗ ಕಾಣಾಕತ್ತದ. ನನ್ನ ಬಟ್ಟ ಕಾಣವಲ್ಲವು."

ಅಂಗೈ ನಡುವಿನ ಲಿಂಗ ಕಾಣುತ್ತದೆ, ಅದರ ಸುತ್ತ ಇರುವ ಐದು ಬೆರಳು ಕಾಣುವುದಿಲ್ಲ. ಅವತ್ತೇ ಅವಳನ್ನು ಬಸ್ಸು ಹತ್ತಿಸಿದೆ.

ಕಲಬುರಗಿಯ ಅದೇ ಯಂತ್ರ. ಐವತ್ತೆಂಟು. ಕೆಂಪು. ಡಾಕ್ಟರು ಶಿಬಿರದ ಹಸಿರು ಕಾಗದವನ್ನೂ ನೋಡಿದರು. ಒಂದು ಯಂತ್ರದ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸಬಾರದು, ಪ್ರತಿಯೊಂದರ ಲೆಕ್ಕ ಬೇರೆ, ಹಸಿರು-ಹಳದಿಯ ಗೆರೆಯೂ ಬೇರೆ ಅಂದರು. "ಯಾರ್ರಿ ಇದನ್ನ ಹೋಲಿಸಿ ಹನಿ ಬಿಡಿಸಿದ್ದು?" ಎಂದು ಕೇಳಿದರು. ಹೆಂಡತಿ ಪಕ್ಕದಲ್ಲಿದ್ದಳು. ಅವಳು, "ಶಿಬಿರದಾಗ ಹೇಳಿದ್ರಿ" ಅಂದಳು. ನನ್ನ ಹೆಸರು ಎತ್ತಲಿಲ್ಲ.

ನನ್ನ ಸಿಟ್ಟು ಏನೆಂದು ಈಗ ಕೇಳಿ. ಮೂವತ್ತು ವರ್ಷ ನಾನು ನಕ್ಷೆ ಕೈಗೆ ಬಂದರೆ ಮೊದಲು ನೋಡಿದ್ದು ಕೆಳಗಿನ ಮೂಲೆ. ಯಾವ ಪ್ರಮಾಣ, ಯಾವ ಉಪಕರಣ, ಯಾರು ಅಳೆದದ್ದು. ಅದನ್ನು ನೋಡದೆ ನಕ್ಷೆ ಓದಿದ ಎಷ್ಟು ಹುಡುಗರ ಕಾಗದ ಹರಿದು ಮುಖಕ್ಕೆ ಎಸೆದಿದ್ದೇನೆ! ಊರಿನವರ ಒಂದು ಗೇಣು ಬದುವಿಗೆ ಇಷ್ಟು ಕಾಳಜಿ. ಮನೆಯವಳ ಕಣ್ಣಿಗೆ ಬಂದಾಗ ಮೂಲೆ ನೋಡಲಿಲ್ಲ, ಬಣ್ಣ ನೋಡಿದೆ. ಥೂ ನನ್ನ ವಿದ್ಯೆಗೆ!

ಮರುದಿನವೇ ಅವಳನ್ನು ಆಪಾನ ಬಳಿ ಕರೆದೊಯ್ದೆ. ಅವರು ನನ್ನನ್ನು ಉಗಿಯುತ್ತಾರೆ, ಸಾಲಿನವರ ಮುಂದೆ ಮಾನ ಕಳೆಯುತ್ತಾರೆ ಎಂದು ತಯಾರಾಗಿ, ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ಹೋಗಿದ್ದೆ. ಅವರು ನನ್ನತ್ತ ನೋಡಿ, "ಕುಂದರಸ್ರಿ ಅವರನ್ನ" ಅಂದರು. ಲವಂಗ ಬಾಯಿಗೆ ಹಾಕಿಕೊಂಡರು. "ಬಾಯಿ, ಹಸರ ಚೂರು ಕಾಣ್ತದೇನು? ಹಾಂ, ಅದನ್ನ ನೋಡ್ರಿ." ನೋಡಿದರು. ಚೀಟಿಯಲ್ಲಿ ಚಿತ್ರ ತೆಗೆದರು, ಪೆನ್ಸಿಲ್ ಕೆಳಗಿಟ್ಟರು, ಆಮೇಲೆ ಹಳೆಯ ಹಾಳೆ ತೆರೆದರು. ಕೆಂಪು ಪೆನ್ಸಿಲ್ಲಿಗೆ ಈ ಸಲ ಹೆಚ್ಚು ಕೆಲಸವಿರಲಿಲ್ಲ.

"ಬೈರಿ ಆಪಾ" ಅಂದೆ. "ಒಂದೆರಡ ಏಟಾದ್ರೂ ಹೊಡೀರಿ ನನಗ."

"ನಿಮಗ ಬೈದ್ರ ಅವರ ನರ ಬರ್ತದೇನ್ರಿ?" ನನ್ನ ಹೆಂಡತಿಯ ಕೈ ಹಿಡಿದುಕೊಂಡು ಅವಳಿಗೆ ಹೇಳಿದರು, "ಬಾಯಿ, ಇವತ್ತಿನಿಂದ ಹನಿ. ಕೆಂಪಾದ್ರ ಆಗಲಿ. ಅದ ಡಾಕ್ಟರು, ಅದ ಮಷೀನ್. ಇಷ್ಟ ಉಳದದ, ಇದನ್ನ ಕಾಯೋಣು." ಎಲ್ಲರಿಗೂ ಬೈಯುತ್ತಿದ್ದ ಆ ಬಾಯಿ, ಬೈಯಲೇಬೇಕಾಗಿದ್ದ ಒಬ್ಬನಿಗೆ ಬೈಯಲಿಲ್ಲ. ಆ ಶಿಕ್ಷೆಯನ್ನು ನಾನು ಇನ್ನೂ ಉಣ್ಣುತ್ತಿದ್ದೇನೆ.

ಅವರು ನಿವೃತ್ತರಾಗಿ ಅಫಜಲಪುರದ ತಮ್ಮನ ಮನೆಗೆ ಹೋದರು. ಎದೆನೋವು ಬಂದು ತೀರಿಕೊಂಡರೆಂಬ ಸುದ್ದಿ ನನಗೆ ಮಣ್ಣಾದ ಮರುದಿನ ತಿಳಿಯಿತು. ಮೂರನೇ ದಿನ ಗೋರಿಗೆ ಹೂ ಹಾಕುವ ಜಿಯಾರತಿಗೆ ಹೋದೆ. ಮನೆಯ ಮುಂದೆ ದವಾಖಾನೆಯ ಬಾಗಿಲಲ್ಲಿ ಇದ್ದಂಥದೇ ಸಾಲು. ಅಪ್ಪನ ಬಳೆ ವ್ಯಾಪಾರ ಮುಂದುವರಿಸಿದ್ದ ಅವರ ತಮ್ಮ ಒಂದು ಟ್ರಂಕು ಮುಂದಿಟ್ಟುಕೊಂಡು ಕುಳಿತಿದ್ದ. ಆಪಾನ ನೋಟ್‌ಬುಕ್ಕುಗಳನ್ನೆಲ್ಲ ಬಿಚ್ಚಿ, ಬಂದವರಿಗೆ ಅವರವರ ಹಾಳೆ ಹುಡುಕಿ ಕೊಡುತ್ತಿದ್ದ.

"ಆಪಾ ಹೇಳಿ ಹೋಗ್ಯಾಳ್ರಿ" ಅಂದ. "ಯಾರ ಕಣ್ಣ ಅವರಿಗಿ ಕೊಡು. ರದ್ದಿಗಿ ಹಾಕಬ್ಯಾಡ ಅಂತ."

ಆಳಂದದ ಒಬ್ಬ ಮುದುಕ ತನ್ನ ಹಾಳೆಯನ್ನು ರುಮಾಲಿನಲ್ಲಿ ಸುತ್ತಿಕೊಂಡು ಅಳುತ್ತ ಹೋದ. ನನ್ನ ಪಾಳಿ ಬಂದಾಗ ಹೆಂಡತಿಯ ಹೆಸರು ಹೇಳಿದೆ. ಹಾಳೆ ಕೊಟ್ಟ. ಎರಡು ಚಿತ್ರಗಳ ನಡುವೆ, ಚಿತ್ರವಿಲ್ಲದ ಖಾಲಿ ಜಾಗದಲ್ಲಿ, ಅವರ ಓರೆ ಅಕ್ಷರ ಇತ್ತು.

"ಗಂಡನಿಗೆ ಹೇಳಿದೆ. ಕೇಳಲಿಲ್ಲ. ಕಚೇರಿಗೆ ಹೋದೆ. ಇಲ್ಲ ಅಂದರು. ಮತ್ತೆ ಹೋದೆ. ಇಲ್ಲ ಅಂದರು. ಅವರ ಮೋಟಾರ್ ಸೈಕಲ್ ಹೊರಗೆ ನಿಂತಿತ್ತು. ಮತ್ತೆ ಹೋದೆ. ಮನೆಗೇ ಹೋಗಬೇಕಿತ್ತು. ಹೋಗಲಿಲ್ಲ. ಸಿಟ್ಟು ಬಂತು. ನನ್ನದೂ ತಪ್ಪು."

ನನ್ನದೂ ತಪ್ಪಂತೆ! ಸಾಲಿನಲ್ಲಿ ನಿಂತೇ ನಾನು ಕೂಗಿಬಿಟ್ಟೆ. ಎಡಗಣ್ಣಿನ ಒಂದು ಕೂದಲೆಳೆಯ ತಪ್ಪನ್ನು ಹಿಡಿದು ನಕ್ಕವರು, ನನ್ನ ಗುಡ್ಡದಂಥ ತಪ್ಪಿನಲ್ಲೂ ತಮ್ಮದೊಂದು ಪಾಲು ಬರೆದುಕೊಂಡು ಹೋಗಿದ್ದರು. ಇದಕ್ಕೆ ಯಾರ ಮೇಲೆ ಸಿಟ್ಟಾಗಬೇಕು, ಹೇಳಿ.

ಈಗ ಆರು ತಿಂಗಳಿಗೊಮ್ಮೆ ಕಲಬುರಗಿಗೆ ಹೋಗುತ್ತೇವೆ. ಐವತ್ತೇಳು, ಐವತ್ತೆಂಟು, ಅಲ್ಲಿಗೇ ನಿಂತಿದೆ. ಬೆಂಚಿನ ಮೇಲೆ ಯಾರಾದರೂ ಎರಡು ಕಾಗದ ಪಕ್ಕಪಕ್ಕಕ್ಕೆ ಹಿಡಿದು ಕುಳಿತಿದ್ದರೆ ನಾನು ಎದ್ದು ಹೋಗಿ ಕೆಳಗಿನ ಮೂಲೆ ನೋಡುತ್ತೇನೆ, ಬೇರೆ ಬೇರೆ ಯಂತ್ರವಾಗಿದ್ದರೆ ಬಾಯಿಗೆ ಬಂದಂತೆ ಬೈಯುತ್ತೇನೆ. ಈ ಮುದುಕನಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅನ್ನಲಿ.

ಅವತ್ತು ಅಫಜಲಪುರದಿಂದ ಬಂದು ಹಾಳೆಯನ್ನು ಹೆಂಡತಿಯ ಕೈಗೆ ಕೊಟ್ಟಿದ್ದೆ. ಅವಳು ಕೌದಿ ಬದಿಗಿಟ್ಟು, ಹಾಳೆಯನ್ನು ಮುಖದ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

"ನಡಬರಕ ಬಟ್ಟಲ ಕಾಣ್ತದ್ರಿ" ಅಂದಳು. "ಅಂಚ ಎಲ್ಲ್ಯದ?"

ನಾನು ಅವಳ ಬೆರಳು ಹಿಡಿದು ಮೊದಲ ಚಿತ್ರದ ಕೆಂಪು ಗೆರೆಯ ಮೇಲೆ ಇಟ್ಟೆ. ಇಬ್ಬರೂ ಸುತ್ತಿದೆವು, ಒಂದು ಪೂರ್ತಿ ಸುತ್ತು. "ಇಷ್ಟಿತ್ತೇನು ಮೊದಲ?" ಎಂದು ಕೇಳಿದಳು. ಇಷ್ಟಿತ್ತು ಅಂದೆ.